ಬಿಡಿಸಿಕೊಳ್ಳುವ ವಿದ್ಯೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಗರಡಿಮನೆ ಗಂಡುಮಕ್ಕಳಿಗೇ ಮೀಸಲೆಂದು ಹಿರಿಯರು ಭಾವಿಸಿದ್ದರು. ಬಾಲ್ಯದಲ್ಲಿ ನಾನು ಅಖಾಡಕ್ಕಿಳಿದಾಗ ವಸ್ತಾದರು ಮೊದಲು ಕಲಿಸಿದ್ದು ಎದುರಾಳಿಯನ್ನು ಕೆಡಹುವುದನ್ನಲ್ಲ. ಪೆಟ್ಟಾಗದಂತೆ ಬೀಳುವುದನ್ನು, ಹಿಡಿತದಿಂದ ಬಿಡಿಸಿಕೊಳ್ಳುವುದನ್ನು. ಆ ಪಾಠ ಇಂದು ಹೆಣ್ಣುಮಕ್ಕಳಿಗೆ ಹೆಚ್ಚು ಅವಶ್ಯವಾಗಿದೆ.

ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿಯ ಸೈನಿಕರು ಚಿತ್ರದುರ್ಗದ ಕಿಂಡಿಯಲ್ಲಿ ನುಸುಳಿದಾಗ ಓಬವ್ವ ಒನಕೆಯನ್ನೇ ಆಯುಧವಾಗಿಸಿದ ಕಥೆಯನ್ನು ನಾಡೇ ಬಲ್ಲದು. ಅನುದಿನ ಕುಟ್ಟಿದ ತೋಳಿಗೆ ಒನಕೆ ಹೊಸದಾಗಿರಲಿಲ್ಲ. ಅಭ್ಯಾಸವೇ ಆಪತ್ಕಾಲದ ಬಂಧು. ವಸತಿನಿಲಯಗಳ ವಿದ್ಯಾರ್ಥಿನಿಯರಿಗಾಗಿ ಸರಕಾರವು ರೂಪಿಸಿದ ಆತ್ಮರಕ್ಷಣೆಯ ಯೋಜನೆಗೆ ಆ ತಾಯಿಯ ಹೆಸರಿಟ್ಟುದು ಉಚಿತವೇ ಆಗಿದೆ.

ನಮ್ಮ ಓಣಿಯ ವಿದ್ಯಾರ್ಥಿನಿಯೊಬ್ಬಳು ಶಾಲೆಯಲ್ಲಿ ಕರಾಟೆ ಕಲಿತಿದ್ದಳು. ಬಸ್ಸಿನಲ್ಲಿ ಒಬ್ಬನು ಮಣಿಕಟ್ಟು ಹಿಡಿದಾಗ, ಅವನ ಹೆಬ್ಬೆರಳಿನ ಕಡೆಗೆ ಕೈಯನ್ನು ಹೊರಳಿಸಿ ಬಿಡಿಸಿಕೊಂಡು, ಗಟ್ಟಿಯಾಗಿ ಕೂಗಿ ಕಂಡಕ್ಟರರನ್ನು ಕರೆದಳು. ಸುದ್ದಿ ತಿಳಿದ ತಂದೆ ಕಾಲೇಜನ್ನೇ ಬಿಡಿಸಲು ಹೊರಟರು. “ಅಪ್ಪಾ, ಬಿಡಿಸಿಕೊಂಡು ಬಂದಾಕಿನ್ನ ಮನ್ಯಾಗ ಯಾಕ ಕೂಡಿಹಾಕ್ತೀರಿ?” ಎಂದಳು. ತಂದೆ ನಿರುತ್ತರರಾದರು, ಓದು ಮುಂದುವರಿಯಿತು.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 34ನೆಯ ಕಲಮಿನಂತೆ ಆತ್ಮರಕ್ಷಣೆ ಅಪರಾಧವಲ್ಲ. ಆದರೆ ಅಗತ್ಯ ಮೀರಿದ ಪೆಟ್ಟಿಗೆ ಕಾಯಿದೆಯ ಸಮ್ಮತಿಯಿಲ್ಲ. ಆದುದರಿಂದ ಬಿಡಿಸಿಕೊಳ್ಳುವುದು, ಕೂಗುವುದು, 112ಕ್ಕೆ ಕರೆಮಾಡುವುದು, ಈ ಮೂರನ್ನು ತಾಯಂದಿರು ಮಕ್ಕಳಿಗೆ ರೂಢಿ ಮಾಡಿಸಲಿ. ಮಗಳು ನಡೆದುದನ್ನು ಹೇಳಿದಾಗ ಅವಳನ್ನು ಗದರದೆ ಆಲಿಸುವ ಅಭ್ಯಾಸವನ್ನು ಹಿರಿಯರೂ ಮಾಡಿಕೊಳ್ಳಲಿ.