ಜೆ.ಸಿ. ರಸ್ತೆಯಲ್ಲಿ ಡೈನಮೊ ಪರೀಕ್ಷೆ

ಬೆಂಗಳೂರಿನ ಪುರಭವನದ ಬಳಿ ಜೆ.ಸಿ. ರಸ್ತೆಗೆ ಹೊರಳಿ, ರವೀಂದ್ರ ಕಲಾಕ್ಷೇತ್ರ ದಾಟಿದರೆ ವಾಹನಗಳ ಬಿಡಿಭಾಗದ ಅಂಗಡಿಗಳ ಸಾಲು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರನ್ನು ಇನ್ನೂ ಜೋಪಾನ ಮಾಡಿಕೊಂಡವರಿಗೆ ಇದು ಪರಿಚಿತ ರಸ್ತೆ. ಕಾರು ಸ್ಟಾರ್ಟ್ ಆಗದಿದ್ದರೆ ಎಲ್ಲರೂ ದೂರುವುದು ಬ್ಯಾಟರಿಯನ್ನೇ. ಆದರೆ ಓಡುವಾಗಲೂ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರದಿದ್ದರೆ, ದುಡ್ಡು ಸುರಿದು ತಂದ ಹೊಸ ಬ್ಯಾಟರಿಯೂ ಬೇಗನೆ ಬಸವಳಿಯುತ್ತದೆ. ಅದಕ್ಕೆ ಚಾರ್ಜೇ ಆಗುತ್ತಿಲ್ಲ.

ಪಳಗಿದ ಎಲೆಕ್ಟ್ರಿಷಿಯನ್ ಮೊದಲು ಹೆಬ್ಬೆರಳಿನಿಂದ ಫ್ಯಾನ್ ಬೆಲ್ಟ್ ಒತ್ತಿ ನೋಡುತ್ತಾನೆ. ಸಡಿಲವಿದ್ದರೆ ಬಿಗಿ ಮಾಡಿದರಾಯಿತು, ಖರ್ಚಿಲ್ಲ. ಬೆಲ್ಟ್ ಸರಿಯಿದ್ದರೆ ಮುಂದಿನ ಸರದಿ ಡೈನಮೊದ್ದು. (ಹಳೆಯ ಅಂಬಾಸಿಡರ್‌ಗಳಲ್ಲಿ ಆಲ್ಟರ್ನೇಟರ್ ಇರಲಿಲ್ಲ.) ಅದರ ಎರಡೂ ವೈರು ಬಿಚ್ಚಿ, ಟರ್ಮಿನಲ್‌ಗಳನ್ನು ತುಂಡು ತಂತಿಯಿಂದ ಜೋಡಿಸಿ, ಅಲ್ಲಿಗೂ ಡೈನಮೊದ ಮೈಗೂ ವೋಲ್ಟ್‌ಮೀಟರ್ ಹಿಡಿದು ಎಂಜಿನ್ ವೇಗವನ್ನು ಮೆಲ್ಲನೆ ಏರಿಸುತ್ತಾರೆ. ಮುಳ್ಳು ಸರಾಗವಾಗಿ 14 ವೋಲ್ಟ್ ದಾಟಿದರೆ ಡೈನಮೊ ನಿರಪರಾಧಿ. 20 ಮೀರಿಸಬಾರದು. ಆಗ ಸಂಶಯ ರೆಗ್ಯುಲೇಟರ್ ಮೇಲೆ, ಇಲ್ಲವೆ ನಡುವಣ ವೈರಿಂಗ್ ಮೇಲೆ.

ಮುಳ್ಳು ಏಳದಿದ್ದರೆ ಮಾತ್ರ ಡೈನಮೊ ಬಿಚ್ಚಬೇಕು. 1831ರಲ್ಲಿ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಉರು ಹೊಡೆದ ವಿದ್ಯಾರ್ಥಿಗೆ ಆಗ ತಂತಿಯ ಸುರುಳಿ, ತಾಮ್ರದ ಕಮ್ಯುಟೇಟರ್ ಎರಡೂ ಕಣ್ಣೆದುರೇ ಕಾಣುತ್ತವೆ. ಎಷ್ಟೋ ಸಲ ಸವೆದಿರುವುದು ಬೆರಳುಗಾತ್ರದ ಕಾರ್ಬನ್ ಬ್ರಷ್ ಮಾತ್ರ.