ಎರಡು ಸೂರ್ಯಾಸ್ತಗಳ ಹಾದಿ

ಗ್ಲೋಬಿನ ಮೇಲೆ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಒಂದು ದಾರ ಬಿಗಿದು ನೋಡಿ. ಅದು ಪೂರ್ವದಲ್ಲೂ ನಿಲ್ಲದೆ ಪಶ್ಚಿಮದಲ್ಲೂ ನಿಲ್ಲದೆ ಸರಕ್ಕನೆ ಮೇಲಕ್ಕೆ ಜಾರಿ, ಸೈಬೀರಿಯಾದ ನೆತ್ತಿಯ ಮೇಲೆ ಹೋಗಿ ಕೂರುತ್ತದೆ. ಉದ್ದ ಸುಮಾರು 14,000 ಕಿಲೋಮೀಟರ್. ಭೂಮಿಯ ಸುತ್ತಳತೆಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು!

ಆದರೆ ವಿಮಾನಕ್ಕೆ ದಾರಕ್ಕಿಂತ ಗಾಳಿಯ ಮಾತೇ ಹೆಚ್ಚು. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಎಂದಿನ ಅಟ್ಲಾಂಟಿಕ್ ಹಾದಿ ಬಿಟ್ಟು ಪೆಸಿಫಿಕ್ ಮೇಲೆ ಹಾರಿತು. ದೂರ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಜಾಸ್ತಿಯಾಗಿ 15,300ಕ್ಕೆ ಏರಿತು. ಪ್ರಯಾಣ ಮಾತ್ರ ಹದಿನಾಲ್ಕೂವರೆ ಗಂಟೆಗೇ ಮುಗಿಯಿತು. ಪಶ್ಚಿಮದಿಂದ ಪೂರ್ವಕ್ಕೆ ನುಗ್ಗುವ ಜೆಟ್ ಸ್ಟ್ರೀಮ್ ಬೆನ್ನಿಗಿತ್ತು. ಸುತ್ತು ಹಾದಿಯೇ ಹತ್ತಿರದ ಹಾದಿಯಾಗುವ ಈ ಲೆಕ್ಕ ನನಗೆ ಇಂದಿಗೂ ಬೆರಗು.

ವಾಪಸು ಬರುವಾಗ ಅದೇ ಗಾಳಿ ಎದುರಾಗುತ್ತದೆ. ಹಾಗಾಗಿ ಉತ್ತರದ ದಾರಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಂದಿಳಿದದ್ದು 2021ರ ಜನವರಿ 11ರ ನಸುಕಿನಲ್ಲಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರು, ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ, ನಡುಚಳಿಗಾಲದಲ್ಲಿ ಉತ್ತರ ಧ್ರುವವನ್ನೇ ದಾಟಿಸಿ ತಂದರು. ಅಲ್ಲಿ ಕಾಂತದ ದಿಕ್ಸೂಚಿಯನ್ನು ನೆಚ್ಚುವಂತಿಲ್ಲ. ಅಮೆರಿಕದಲ್ಲಿ ತುಂಬಿಸುವ ಜೆಟ್ ಇಂಧನದ ಹೆಪ್ಪುಬಿಂದು ಮೈನಸ್ 40 ಡಿಗ್ರಿ. ಹೊರಗಿನ ಚಳಿ ಅದಕ್ಕಿಂತ ಎಷ್ಟೋ ಕೆಳಗೆ. ಟ್ಯಾಂಕಿನ ಉಷ್ಣತೆ ಇಳಿಯತೊಡಗಿದರೆ ಕೆಳಗಿನ ಬೆಚ್ಚನೆ ಗಾಳಿಗೆ ಇಳಿಯಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು. ಆ ಹೆಣ್ಣುಮಕ್ಕಳ ಧೈರ್ಯಕ್ಕೆ ಕೈಮುಗಿಯಬೇಕು.

ನಾನು ಬಂದದ್ದು ಜೂನ್ ತಿಂಗಳಲ್ಲಿ. ಶನಿವಾರ ರಾತ್ರಿ ಎಂಟೂವರೆ, ಎಡಗಿಟಕಿಯಲ್ಲಿ ಸೂರ್ಯ ಪೆಸಿಫಿಕ್‌ಗೆ ಇಳಿಯುತ್ತಿದ್ದ. ಪಕ್ಕದಲ್ಲಿದ್ದವರು ಫ್ರೀಮಾಂಟಿನ ಮಗನ ಮನೆಯಿಂದ ಮರಳುತ್ತಿದ್ದ ಹಿರಿಯರು; ಕೂತಲ್ಲೇ ಸಂಧ್ಯಾವಂದನೆ ಮುಗಿಸಿದರು. ಊಟವಾಯಿತು, ದೀಪ ಆರಿಸಿದರು. ಆದರೆ ದಿಗಂತದ ಕೆಂಪು ಗೆರೆ ಆರಲೇ ಇಲ್ಲ. ಕೆನಡಾದ ಮೇಲೆ ಅದು ಉತ್ತರಕ್ಕೆ ಸರಿಯುತ್ತ, ಕಿತ್ತಳೆಯಾಗಿ, ಹೊನ್ನಾಗಿ, ಕೊನೆಗೆ ಮುಳುಗಿದ ಸೂರ್ಯನೇ ಮತ್ತೆ ಮೇಲೆದ್ದ. ನಡುರಾತ್ರಿಯ ಬಿಸಿಲು! ಕಿಟಕಿಯ ಪರದೆಯನ್ನು ಬೆರಳಗಲ ಎತ್ತಿದರೆ ಕೆಳಗೆಲ್ಲ ಹಿಮದ ಹಾಸು, ನಡುನಡುವೆ ಕಪ್ಪು ನೀರಿನ ಬಿರುಕು. ಒಂದೊಂದು ಹಿಮದಿಬ್ಬದ ನೆರಳೂ ಮೈಲುದ್ದ ಬಿದ್ದಂತೆ ಕಾಣುತ್ತಿತ್ತು. ಧ್ರುವಪ್ರದೇಶ ದಾಟಿ ದಕ್ಷಿಣಕ್ಕೆ ಮುಖ ಮಾಡುವಷ್ಟರಲ್ಲಿ ಸೂರ್ಯ ಮೂತಿಯ ಮುಂದಿನಿಂದಲೇ ಹಾದು ಬಲಗಿಟಕಿಗೆ ಬಂದಿದ್ದ.

ಗಂಟೆಗಟ್ಟಲೆ ಬಿಸಿಲು ಕಳೆದು, ಮಧ್ಯ ಏಷ್ಯಾದ ಮೇಲೆ ಆತ ಇನ್ನೊಮ್ಮೆ ಮುಳುಗಿದ. ಹಿರಿಯರು ಎದ್ದು ಕೂತು, "ಇದು ಯಾವತ್ತಿನ ಸಾಯಂಕಾಲ?" ಎಂದು ಕೇಳಿದರು. "ಭಾನುವಾರದ್ದು" ಎಂದೆ. "ಹಾಗಾದರೆ ಇನ್ನೊಂದು ಸಂಧ್ಯೆ" ಎಂದು ನೀರು ತರಿಸಿಕೊಂಡರು.

ದೇವನಹಳ್ಳಿಯಲ್ಲಿ ಇಳಿದಾಗ ಸೋಮವಾರದ ನಸುಕು. ಭಾನುವಾರ ಕಳೆದುಹೋಯಿತಲ್ಲ ಎಂದು ಹಿರಿಯರು ಪೇಚಾಡಿಕೊಂಡರೆ, ನಾನು ಗಡಿಯಾರ ತಿರುಗಿಸಿ ತೋರಿಸಿದೆ: ನಾವು ಹೊರಟ ಗಳಿಗೆಯಲ್ಲಿ ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ. ಊರವರು ತಿಂಡಿ ತಿಂದು, ಮಧ್ಯಾಹ್ನ ಮಲಗೆದ್ದು, ರಾತ್ರಿ ಊಟ ಮಾಡಿ ಮುಗಿಸಿದ ಅದೇ ಭಾನುವಾರವನ್ನು ನಾವು ಭೂಮಿಯ ತುದಿಯ ಸುತ್ತ ಹಾರಿ ಕಳೆದಿದ್ದೆವು.