ಬೀಗಿತ್ತಿಯ ಭಾಷೆ

“ಈ ವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿತು ಯಾವ ರಾಜ್ಯ ಆಳಬೇಕಾಗಿದೆ?” ಎಂದು ನಮ್ಮವರು ಪೇಪರಿನಿಂದ ತಲೆಯೆತ್ತದೆ ಕೇಳಿದರು. ರಾಜ್ಯ ಆಳುವುದಕ್ಕಲ್ಲ, ಬೀಗಿತ್ತಿಯ ಜೊತೆ ನಾಲ್ಕು ಮಾತಾಡುವುದಕ್ಕೆ!

ಓದಲೆಂದು ಸ್ಪೇನಿಗೆ ಹೋದ ಮಗಳು ಅಲ್ಲಿಯ ಹುಡುಗನನ್ನೇ ಮೆಚ್ಚಿ 2022ರಲ್ಲಿ ಮದುವೆಯಾದಳು. ಮನೆ ವಯ್ಯಾದೊಲಿದ್ ಎಂಬ ಊರಿನಲ್ಲಿ. ಅಳಿಯನಿಗೆ ಇಂಗ್ಲಿಷ್ ಬರುತ್ತದೆ, ಅವನ ತಾಯಿಗೆ ಬಾರದು. ನನ್ನದೂ ಅಷ್ಟಕ್ಕಷ್ಟೆ. ಮದುವೆಯಲ್ಲಿ ನಾವಿಬ್ಬರೂ ಮುಖ ಮುಖ ನೋಡಿ ನಕ್ಕಿದ್ದೇ ನಕ್ಕಿದ್ದು. ಎಲ್ಲಕ್ಕೂ ಮಗಳೇ ದುಭಾಷಿ. ನಾಳೆ ಬಾಣಂತನಕ್ಕೆ ಹೋದಾಗ, ನೋವು ತಿನ್ನುತ್ತಿರುವವಳನ್ನೇ “ಅವರು ಏನಂದರೇ?” ಎಂದು ಕೇಳುವುದೇ? ಆ ಯೋಚನೆಯೇ ನನ್ನ ಕೈಗೆ ಪುಸ್ತಕ ಹಿಡಿಸಿತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಕನ್ನಡದಲ್ಲಿ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಮೊಬೈಲಿನಲ್ಲಿ ಪಾಠ ಕೇಳುವುದು, ಕೇಳಿದ್ದನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳುವುದು. ಅಡಿಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ. ಉಪ್ಪು ‘ಸಾಲ್’, ಅಕ್ಕಿ ‘ಅರ್ರೋಥ್’, ಸಕ್ಕರೆ ‘ಅಥೂಕರ್’. ನಮ್ಮ ಸಂಸ್ಕೃತದ ಶರ್ಕರೆಯೇ ಪರ್ಷಿಯನ್ನರ, ಅರಬರ ಬಾಯಿ ದಾಟಿ ಅಲ್ಲಿ ಅಥೂಕರ್ ಆಗಿದೆ!

ಇಂಗ್ಲಿಷ್ ಮೂಲಕ ಕಲಿಯುವಾಗ ಎಡವುತ್ತಿದ್ದೆ. ಕನ್ನಡದಿಂದಲೇ ಹೋದಾಗ ದಾರಿ ಸಲೀಸಾಯಿತು. ಅವರಲ್ಲೂ ‘ತು’ ಅಂದರೆ ನೀನು, ‘ಉಸ್ತೆದ್’ ಅಂದರೆ ನೀವು. ನಾವು ‘ನಾನು’ ಬಿಟ್ಟು ಬರೀ ‘ಮಾತಾಡುತ್ತೇನೆ’ ಎಂದರೆ ಸಾಕಲ್ಲವೇ? ಅವರಿಗೂ ಬರೀ ‘ಆಬ್ಲೋ’ ಸಾಕು. ‘ನನಗೆ ಇಷ್ಟ’ ಎಂಬುದು ಅದೇ ಧಾಟಿಯಲ್ಲಿ ‘ಮೆ ಗುಸ್ತಾ’. ಕಾಡಿದ್ದು ಲಿಂಗ. ಉಪ್ಪು ಹೆಣ್ಣಂತೆ, ಅಕ್ಕಿ ಗಂಡಂತೆ! ‘ಇರುವುದು’ ಎನ್ನಲು ಎರಡೆರಡು ಕ್ರಿಯಾಪದ ಬೇರೆ.

ಭಾನುವಾರ ಬೀಗಿತ್ತಿಗೆ ವಿಡಿಯೋ ಕಾಲ್ ಮಾಡುತ್ತಿದ್ದೆ. ಒಮ್ಮೆ “ಸುಸ್ತಾಗಿದೆಯೇ?” ಎಂದು ಕೇಳಿದರು. ‘ಕನ್ಸಾದಾ’ ಎನ್ನುವ ಬದಲು ‘ಕಸಾದಾ’ ಎಂದುಬಿಟ್ಟೆ. ಅಂದರೆ “ಹೌದು, ಮದುವೆಯಾಗಿದೆ!” ಆಕೆ ಕಣ್ಣಲ್ಲಿ ನೀರು ಬರುವಂತೆ ನಕ್ಕು, “ಎರಡೂ ಒಂದೇ” ಎಂದರು. ಅಂದಿನಿಂದ ತಪ್ಪು ಮಾತಾಡುವ ನಾಚಿಕೆ ಬಿಟ್ಟೆ.

2024ರ ನವೆಂಬರಿನಲ್ಲಿ ಮೊಮ್ಮಗಳು ಹುಟ್ಟಿದಳು. ನಾಲ್ಕನೇ ದಿನಕ್ಕೇ ತಕರಾರು. ಆ ಚಳಿಯಲ್ಲಿ ಬೀಗಿತ್ತಿ ಕಿಟಕಿ ತೆರೆಯುವುದು, ನಾನು ಮುಚ್ಚುವುದು. ನಾನು ಮಗಳ ಕಿವಿಗೆ ಸ್ಕಾರ್ಫ್ ಕಟ್ಟುವುದು, ಅವರು ಮುಖ ಸಿಂಡರಿಸುವುದು. ನಡುವೆ ಮಲಗಿದ ಮಗಳ ಕಣ್ಣು ತುಂಬಿತ್ತು.

ಭಾಷೆ ಬಾರದಿದ್ದರೆ ನಾನು ಮುನಿಸಿಕೊಂಡು ಕೂರುತ್ತಿದ್ದೆ. ಅಂದು ಅಡಿಗೆಮನೆಗೆ ಹೋಗಿ, ವ್ಯಾಕರಣ ಗಾಳಿಗೆ ಬಿಟ್ಟು, “ನಿಮ್ಮ ಹೆರಿಗೆಯಲ್ಲಿ ನಿಮ್ಮಮ್ಮ ಏನು ಮಾಡಿದ್ದರು?” ಎಂದು ಕೇಳಿದೆ. ಆಕೆ ಕುರ್ಚಿ ಎಳೆದು ಕೂತರು. ಅವರಲ್ಲೂ ಬಾಣಂತಿಗೆ ನಲವತ್ತು ದಿನ, ‘ಕ್ವಾರೆಂತೇನಾ’ ಅನ್ನುತ್ತಾರೆ. ಅವರಮ್ಮ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂಡಿಹಾಕಿದ್ದರಂತೆ. ಕತ್ತಲಲ್ಲಿ ಒಬ್ಬಳೇ ಅಳುತ್ತಿದ್ದೆ, ಸೊಸೆಗೆ ಹಾಗಾಗಬಾರದು ಎಂದು ಕಿಟಕಿ ತೆರೆಯುತ್ತಿದ್ದೇನೆ ಎಂದರು. ಅರ್ಧ ಮಾತು ತಿಳಿಯಿತು, ಉಳಿದರ್ಧ ಅವರ ಮುಖ ಹೇಳಿತು. ನಾನೂ ನನ್ನ ಕೋಣೆಯ ಕತೆ ಹೇಳಿದೆ.

ಮರುದಿನದಿಂದ ಮಧ್ಯಾಹ್ನದ ಬಿಸಿಲಿಗೆ ಅರ್ಧ ಗಂಟೆ ಕಿಟಕಿ ತೆರೆಯಿತು, ಸ್ಕಾರ್ಫೂ ಉಳಿಯಿತು. ಆಕೆ ತಮ್ಮೂರಿನ ಬೆಳ್ಳುಳ್ಳಿ ಸಾರು ‘ಸೋಪಾ ದೆ ಆಹೋ’ ಮಾಡಿದರು. ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿ ಹುರಿದು, ಹಳೇ ಬ್ರೆಡ್ಡು, ಅಲ್ಲಿಯ ಕೆಂಪು ಮೆಣಸಿನ ಪುಡಿ, ನೀರು ಹಾಕಿ ಕುದಿಸುವುದು. ನಮಗಾಗಿ ಮೊಟ್ಟೆ ಬಿಟ್ಟರು. ಬಾಣಂತಿಗೆ ಬೆಳ್ಳುಳ್ಳಿ ಕೊಡುವವರು ನಾವೊಬ್ಬರೇ ಅಲ್ಲ ಎಂದುಕೊಂಡೆ.

ಮೂರು ತಿಂಗಳಿದ್ದು ಬಂದೆ. ಈಗ ಭಾನುವಾರದ ಮಾತು ಗಂಟೆ ದಾಟುತ್ತದೆ, ಮಗಳು ನಡುವೆ ಬೇಕಾಗಿಲ್ಲ. “ಇಬ್ಬರೂ ಸೇರಿ ನನ್ನ ಮೇಲೆ ಚಾಡಿ ಹೇಳ್ತೀರಾ?” ಎನ್ನುತ್ತಾಳೆ. ಹೌದು ಮಗಳೇ, ಅದಕ್ಕೇ ಕಲಿತದ್ದು!